ಡಿಕ್ಕಿಯ ಬ್ಯಾಟರಿಗೆ ನಾನು ಕಟ್ಟಿದ ತಂತಿ

ಜವರಣ್ಣನವರ ಕೆಲಸದಲ್ಲಿ ತಪ್ಪಿರಲಿಲ್ಲ. ಎಂಟು ವರ್ಷಗಳ ಹಿಂದೆ ಗೆಜ್ಜಲಗೆರೆಯ ಬಳಿ ನನ್ನ ಕಾರು ಹೊತ್ತಿ ಉರಿದದ್ದು ನಾನು ಮಾಡಿದ ಕೆಲಸದಿಂದ. ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಮರುದಿನದ ಪತ್ರಿಕೆಗೆ ಬೇರೆಯದನ್ನು ಬರೆದೆ — ಸುದ್ದಿಯ ರೂಪದಲ್ಲಿ, ನನ್ನ ಹೆಸರಿಲ್ಲದೆ.

ಮಂಡ್ಯದಲ್ಲಿ ಇಪ್ಪತ್ತಾರು ವರ್ಷಗಳಿಂದ ವರದಿಗಾರನಾಗಿದ್ದೇನೆ. ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆ ಇಟ್ಟು ಬರೆಯುವುದು ನನ್ನ ಕಸುಬು. ಇದನ್ನೂ ಆ ಕ್ರಮದಲ್ಲೇ ಹೇಳಲು ಪ್ರಯತ್ನಿಸುತ್ತೇನೆ.

ನನ್ನದು ಹಳೆಯ ಕಾರು. ಬಾನೆಟ್ಟಿನೊಳಗೆ ಬ್ಯಾಟರಿ ಕೂರುವ ತಗಡು ತುಕ್ಕು ಹಿಡಿದು ತೂತಾಗಿತ್ತು; ಇಂಜಿನ್ ಬಿಸಿಗೆ ಬ್ಯಾಟರಿಯೂ ಬಾಳಿಕೆ ಬರುತ್ತಿರಲಿಲ್ಲ. ಮದ್ದೂರಿನಲ್ಲಿ ವಾಹನಗಳ ವೈರಿಂಗ್ ಅಂಗಡಿ ಇಟ್ಟುಕೊಂಡಿದ್ದ ಜವರಣ್ಣ ಅದನ್ನು ನೋಡಿ, ‘ಇದ್ನ ಇಂದ್ಕೆ ಆಕ್ಬುಡಣ ಸಾ, ಡಿಕ್ಕಿಗೆ. ತಣ್ಣುಗೆ ಕುಂತಿರ್ತದೆ,’ ಎಂದರು. ಎರಡು ದಿನ ಹಿಡಿಯಿತು. ಡಿಕ್ಕಿಯ ನೆಲಕ್ಕೆ ಕಬ್ಬಿಣದ ಪಟ್ಟಿ ಹಾಕಿ ಬ್ಯಾಟರಿಯನ್ನು ಬಿಗಿದರು. ದಪ್ಪನೆಯ ಕೇಬಲ್ಲನ್ನು ಹಿಂದಿನ ಸೀಟಿನ ಕೆಳಗಿನಿಂದ ಇಂಜಿನ್ನಿನವರೆಗೆ ಎಳೆದರು; ಅದು ತಗಡು ದಾಟುವ ಕಡೆಯೆಲ್ಲ ರಬ್ಬರ್ ಕೂರಿಸಿದರು. ಬ್ಯಾಟರಿಯ ಪಕ್ಕದಲ್ಲೇ ಒಂದು ದೊಡ್ಡ ಫ್ಯೂಸ್ ಇಟ್ಟು, ಅದರ ಮೇಲೆ ಬೆರಳಿಟ್ಟು ಹೇಳಿದರು:

‘ಇದು ಓಯ್ತು ಅಂದ್ರೆ ಎಲ್ಲೋ ಕೇಬಲ್ ತಗಡ್ಗೆ ಕಚ್ಕಂಡದೆ ಅಂತ. ನಂಗೊಂದು ಫೋನ್ ಮಾಡಿ. ಪಂಪ್‌ಸೆಟ್ಟಿಗೆ ಕಟ್ದಂಗೆ ತಂತಿ ಕಟ್ಬುಟ್ಟೀರಾ ಮತ್ತೆ!’

ಇಬ್ಬರೂ ನಕ್ಕೆವು. ನಾನು ಪೂರಿಗಾಲಿಯಲ್ಲಿ ಬೆಳೆದವನು. ಗದ್ದೆಯ ಸ್ಟಾರ್ಟರ್ ಪೆಟ್ಟಿಗೆಯ ಫ್ಯೂಸ್ ಹೋದರೆ ಅಂಗಡಿಗೆ ಓಡುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಕರೆಂಟು ಇರುವುದೇ ಎರಡು ಮೂರು ತಾಸು. ಕೈಗೆ ಸಿಕ್ಕ ತಾಮ್ರದ ತಂತಿ ಸುತ್ತಿ ನೀರು ಹಾಯಿಸುತ್ತಿದ್ದೆವು. ಹಾಗೆ ಕಟ್ಟಲು ಬರದವನನ್ನು ಕೆಲಸಗಾರನೆಂದೇ ಎಣಿಸುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಊರಿನಿಂದ ರಾಗಿ ತರಲೆಂದು ಹಿಂದಿನ ಸೀಟನ್ನು ನಾನೇ ಕಳಚಿದೆ. ಮೂಟೆ ಇಳಿಸಿದ ಮೇಲೆ ನಾನೇ ಕೂರಿಸಿದೆ. ಸೀಟಿನ ಕಬ್ಬಿಣದ ಕಾಲು ಕೇಬಲ್ಲಿನ ಮೇಲೆ ಕೂತಿರಬೇಕು — ಇಲ್ಲ, ಕೂತಿತ್ತು. ಕಾರು ಸುಟ್ಟ ಮೇಲೆ ಕಣ್ಣಾರೆ ನೋಡಿದೆ. ನಾಲ್ಕು ದಿನದ ನಂತರ ಮಳವಳ್ಳಿಯಲ್ಲಿ ಕಾರು ಸದ್ದಿಲ್ಲದೆ ನಿಂತಿತು. ಡಿಕ್ಕಿ ತೆಗೆದರೆ ಫ್ಯೂಸ್ ಸುಟ್ಟಿತ್ತು. ಜೇಬಿನಲ್ಲಿ ಫೋನ್ ಇತ್ತು, ಅದರಲ್ಲಿ ಜವರಣ್ಣನವರ ನಂಬರೂ ಇತ್ತು. ಸಭೆಯೊಂದಕ್ಕೆ ಹೊತ್ತಾಗಿತ್ತು... ಆದರೆ ಅದು ಕಾರಣವಲ್ಲ. ಒಂದು ತುಂಡು ತಂತಿಯ ಕೆಲಸಕ್ಕೆ ಇನ್ನೊಬ್ಬರನ್ನು ಕರೆಯುವುದು ನನಗೆ ಅವಮಾನವೆನಿಸಿತು. ಎದುರಿನ ಅಂಗಡಿಯಲ್ಲಿ ತಂತಿ ಕೇಳಿ ತಂದು ಫ್ಯೂಸಿನ ಜಾಗಕ್ಕೆ ನಾಲ್ಕು ಎಳೆ ಸುತ್ತಿ ಬಿಗಿದೆ. ಕಾರು ಹೊರಟಿತು. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು — ಅದನ್ನೂ ಇಲ್ಲಿ ದಾಖಲಿಸಬೇಕು.

ವಾರ ಕಳೆದು, ಅವ್ವನನ್ನೂ ಹೆಂಡತಿಯನ್ನೂ ಮುತ್ತತ್ತಿಗೆ ಕರೆದೊಯ್ದು ಮಧ್ಯಾಹ್ನ ಮರಳುತ್ತಿದ್ದೆ. ಗೆಜ್ಜಲಗೆರೆಯ ಹತ್ತಿರ ಹಿಂದಿನ ಸೀಟಿನಿಂದ ಅವ್ವ, ‘ಲೇ ಮಗ, ಕುಂತಿರೋ ತಾವು ಕಾಯ್ತಾ ಅದೆ ಕಣ್ಲಾ,’ ಎಂದಳು.

‘ಬಿಸ್ಲು ಕಣವ್ವ, ಸುಮ್ಕಿರು.’

‘ಬಿಸ್ಲು ಕುಂಡಿ ಕೆಳುಗ್ಲಿಂದ ಬತ್ತದೇನ್ಲಾ?’

ಅಷ್ಟರಲ್ಲಿ ಸೀಟಿನಡಿಯಿಂದ ಹೊಗೆ ಎದ್ದಿತು. ಪಾಳಿ ಮುಗಿಸಿ ಬಸ್ಸಿಗೆ ಕಾಯುತ್ತಿದ್ದ ಕಾರ್ಖಾನೆಯ ಕೆಲಸಗಾರರು ಓಡಿ ಬಂದು ಅವ್ವನನ್ನು ಎತ್ತಿ ಇಳಿಸಿದರು. ಯಾರಿಗೂ ಗಾಯವಾಗಲಿಲ್ಲ. ಕಾರಿನ ಒಳಭಾಗವೆಲ್ಲ ಸುಟ್ಟುಹೋಯಿತು.

ರಸ್ತೆಯ ಬದಿಯಲ್ಲಿ ನಿಂತಿದ್ದ ಹೆಂಡತಿ ಕೇಳಿದಳು: ‘ಆ ಬ್ಯಾಟ್ರೀನ ಹಿಂದಕ್ಕೆ ಹಾಕಿದ್ದು ಯಾರ್ರೀ?’

‘ಜವರಣ್ಣ,’ ಎಂದೆ.

ಒಂದೇ ಪದ. ಸುಳ್ಳೂ ಅಲ್ಲ, ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವೇ. ಸುತ್ತ ನಿಂತವರೆಲ್ಲ ಅದನ್ನು ಕೇಳಿಸಿಕೊಂಡರು.

ಸಂಜೆ ಐದು ಸಾಲು ಬರೆದೆ. ಮದ್ದೂರಿನ ಗ್ಯಾರೇಜೊಂದರಲ್ಲಿ ಬ್ಯಾಟರಿಯನ್ನು ಡಿಕ್ಕಿಗೆ ಸ್ಥಳಾಂತರಿಸುವಾಗ ಆದ ವೈರಿಂಗ್ ಲೋಪವೇ ಅವಘಡಕ್ಕೆ ಕಾರಣವೆಂದು ತಿಳಿದುಬಂದಿದೆ ಎಂದಿತ್ತು ಕೊನೆಯ ಸಾಲು. ತಿಳಿದುಬಂದದ್ದು ಯಾರಿಂದ? ಪೊಲೀಸರು ಹೇಳಿರಲಿಲ್ಲ. ಬೇರೆ ಮೆಕ್ಯಾನಿಕ್ ಯಾರೂ ನೋಡಿರಲಿಲ್ಲ. ಹೊಸ ಹುಡುಗ ಬರೆದಿದ್ದರೆ ಸುದ್ದಿ ತಿದ್ದುವ ಡೆಸ್ಕಿನವರು ಕೇಳುತ್ತಿದ್ದರು, ನನ್ನನ್ನು ಕೇಳಲಿಲ್ಲ. ಹೇಳಿದವನೂ ನಾನೇ, ಬರೆದವನೂ ನಾನೇ. ಹೆಸರು ಹಾಕಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ — ಮದ್ದೂರಿನಲ್ಲಿ ಆಗ ಆ ಕೆಲಸ ಮಾಡುತ್ತಿದ್ದವರು ಅವರೊಬ್ಬರೇ ಎಂಬುದು ಗೊತ್ತಿದ್ದೂ.

ಮೂರನೆಯ ದಿನ ಜವರಣ್ಣ ಮಂಡ್ಯದ ನಮ್ಮ ಮನೆಗೆ ಬಂದರು. ಕೈಯಲ್ಲಿ ಪತ್ರಿಕೆ ಇತ್ತು. ಗೇಟಿನ ಆಚೆಯೇ ನಿಂತು, ‘ಒಂದ್ಸಲ ಡಿಕ್ಕಿ ತೆಗ್ದು ತೋರ್ಸಿ ಸಾ. ಆ ಫ್ಯೂಸ್ ಏನಾಗದೆ ಅಂತ ನೋಡ್ಬೇಕು ಅಷ್ಟೆಯ. ನಂದು ತೆಪ್ಪಿದ್ರೆ ನಿಮ್ಮ ಕಾಲಿಗ್ ಬೀಳ್ತೀನಿ,’ ಎಂದರು.

ಎಳೆಸಿ ತಂದಿದ್ದ ಕಾರು ಹಿತ್ತಲಲ್ಲಿ, ಟಾರ್ಪಾಲಿನ ಕೆಳಗಿತ್ತು.

‘ಗುಜರಿಗೆ ಹಾಕಿಬಿಟ್ಟೆ, ಜವರಣ್ಣ.’

‘ಅಷ್ಟು ಬಿರ್ನೆ?’

ಅವರು ಕೇಳಿದ್ದು ಅಷ್ಟೇ. ನಾನು ಒಳಗೆ ಕರೆಯಲಿಲ್ಲ. ಅವರು ಹೋದ ಮೇಲೆ ಟಾರ್ಪಾಲು ಸರಿಸಿ, ಕರಗಿ ಅಂಟಿಕೊಂಡಿದ್ದ ಆ ತಂತಿಯನ್ನು ಕಿತ್ತು ನಾಲೆಗೆ ಎಸೆದೆ. ಮರುದಿನ ಬೆಳಿಗ್ಗೆ ಗುಜರಿಯವನನ್ನು ಕರೆಸಿದೆ. ಬೆಂಕಿ ಬಿದ್ದದ್ದು ನನ್ನ ಅಜಾಗರೂಕತೆಯಿಂದ, ಇದು ಹಾಗಲ್ಲ. ಇದನ್ನು ಯೋಚಿಸಿ ಮಾಡಿದೆ.

ಕೆಲವು ತಿಂಗಳ ಮೇಲೆ ಮದ್ದೂರಿನ ಟ್ಯಾಕ್ಸಿ ನಿಲ್ದಾಣದಲ್ಲಿ ಟೀ ಕುಡಿಯುತ್ತಿದ್ದಾಗ ಡ್ರೈವರ್ ಒಬ್ಬ ಇನ್ನೊಬ್ಬನನ್ನು ಛೇಡಿಸುತ್ತಿದ್ದ: ‘ಚಳಿ ಆದ್ರೆ ಬೆಂಕಿ ಜವರನ ತವ ಬುಡ್ಲಾ ಗಾಡೀನ, ಕಾಯಿಸ್ಕೊಡ್ತಾನೆ.’ ಎಲ್ಲರೂ ನಕ್ಕರು. ನಾನು ಟೀ ಮುಗಿಸಿ ಎದ್ದೆ. ವರ್ಷ ತುಂಬುವುದರೊಳಗೆ ಅಂಗಡಿ ಮುಚ್ಚಿತು. ಜವರಣ್ಣ ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಪೆಟ್ಟಿಗೆ ಕಟ್ಟುವ ಕೆಲಸಕ್ಕೆ ಸೇರಿದರು.

ಕಳೆದ ತಿಂಗಳು ಅಲ್ಲಿನ ಬಸ್ ನಿಲ್ದಾಣದಲ್ಲಿ ಅವರನ್ನು ಕಾದು ನಿಂತು ಎಲ್ಲವನ್ನೂ ಹೇಳಿದೆ — ಸೀಟು, ತಂತಿ, ಟಾರ್ಪಾಲು, ನಾಲೆ. ಅವರು ಬಸ್ಸು ಬರುವ ದಿಕ್ಕನ್ನೇ ನೋಡುತ್ತ ಕೇಳಿಸಿಕೊಂಡರು.

‘ತಂತಿ ಕಟ್ಟೀರಿ ಅಂತ ಅವತ್ತೇ ಗೊತ್ತಾಯ್ತು ಸಾ. ನಾ ಆಕಿದ್ ಫ್ಯೂಸ್ ಇದ್ದಿದ್ರೆ ಬೆಂಕಿ ಬೀಳ್ತಿರ್ನಿಲ್ಲ.’

‘ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ?’

‘ಏಳ್ದೆ. ಯಾರ್ ನಂಬ್ತಾರೆ? ಪೇಪರ್‌ನಲ್ಲಿ ಬಂದಿತ್ತಲ್ಲ.’

ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

‘ನಂಗೇಳ್ಬ್ಯಾಡಿ ಸಾ. ನಂಗೊತ್ತು. ಗೊತ್ತಿಲ್ದೋರ್ಗೇಳಿ.’

ಬಸ್ಸು ಬಂತು. ಹತ್ತಿ ಹೋದರು.

ಆದ್ದರಿಂದ ಇದನ್ನು ಅಂದು ಆ ಸುದ್ದಿ ಬಂದ ಪತ್ರಿಕೆಗೇ ಕಳಿಸುತ್ತಿದ್ದೇನೆ, ಹೆಸರುಗಳ ಸಮೇತ. ಅಚ್ಚಾದ ದಿನ ಅದನ್ನು ಮದ್ದೂರಿನ ಟ್ಯಾಕ್ಸಿ ನಿಲ್ದಾಣಕ್ಕೆ ಕೊಂಡೊಯ್ದು ಓದಿ ಹೇಳುತ್ತೇನೆ. ಮುಚ್ಚಿದ ಅಂಗಡಿ ಅದರಿಂದ ತೆರೆಯುವುದಿಲ್ಲ. ಜವರಣ್ಣ ನನ್ನನ್ನು ಕ್ಷಮಿಸಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ.

ಅವ್ವ ಈಗಲೂ ಕಾರು ಹತ್ತುವಾಗಲೆಲ್ಲ ಸೀಟನ್ನು ಕೈಯಿಂದ ಮುಟ್ಟಿ ನೋಡಿ, ಜವರಣ್ಣನವರಿಗೆ ಶಾಪ ಹಾಕಿಯೇ ಕೂರುತ್ತಾಳೆ. ಎಂಟು ವರ್ಷ ಅದನ್ನು ಕೇಳುತ್ತ ಸ್ಟೇರಿಂಗ್ ಹಿಡಿದು ಕೂತಿದ್ದೇನೆ. ಪತ್ರಿಕೆ ಅಚ್ಚಾಗುವವರೆಗೆ ಕಾಯುವುದಿಲ್ಲ. ಅವ್ವ ಒಳಗೆ ಸೊಪ್ಪು ಸೋಸುತ್ತ ಕೂತಿದ್ದಾಳೆ. ಈಗಲೇ ಎದ್ದುಹೋಗಿ ಮೊದಲು ಅವಳಿಗೆ ಹೇಳುತ್ತೇನೆ.