ಧನುರ್ಮಾಸ ಮುಗಿಯಲಿ ಎಂದೆ

ಹಣ್ಣಿನ ಗಿಡ ಎಂದು ನನ್ನ ಗಂಡ ಕಾರಿನಿಂದ ಇಳಿಸಿದ್ದು ಎರಡು ಕೋಲುಗಳನ್ನು. ಎಲೆಯಿಲ್ಲ, ಕುಂಡವಿಲ್ಲ, ಬೇರಿಗೆ ಒದ್ದೆ ಮರದಹೊಟ್ಟು ಮೆತ್ತಿ ಪ್ಲಾಸ್ಟಿಕ್ ಸುತ್ತಿದ್ದರು. ಒಂದು ಪೀಚ್, ಇನ್ನೊಂದು ಪ್ಲಮ್. ಇಲ್ಲಿ ಇವನ್ನು ನೆಡುವುದು ಚಳಿಯಲ್ಲೇ, ಗಿಡ ನಿದ್ದೆಯಲ್ಲಿರುವಾಗ. ಬೇರು ಒಣಗುವ ಮೊದಲೇ ನೆಟ್ಟುಬಿಡಿ ಎಂದು ನರ್ಸರಿಯವನು ಹೇಳಿ ಕಳಿಸಿದ್ದನಂತೆ.

“ಇವತ್ತೇ ನೆಟ್ಬಿಡೋಣ, ಗುಂಡಿ ತೋಡ್ತೀನಿ” ಎಂದರು.

“ಧನುರ್ಮಾಸ ಕಣ್ರೀ. ಹೊಸದೇನೂ ಶುರು ಮಾಡಬಾರದು. ಸಂಕ್ರಾಂತಿ ಆಗ್ಲಿ.”

“ನೀನು ಯಾವಾಗಿಂದ ಪಂಚಾಂಗ ನೋಡೋಕೆ ಶುರು ಮಾಡಿದೆ?”

ನೋಡುವವಳಲ್ಲ, ನಿಜ. ಆಸ್ಟಿನ್ ಪಕ್ಕದ ಊರು ಲಿಯಾಂಡರ್‌ನ ಈ ಮನೆಯಲ್ಲಿ ಅಮಾವಾಸ್ಯೆಯ ದಿನವೇ ಹಾಲುಕ್ಕಿಸಿದವಳು ನಾನು. ಆದರೆ ಅವರ ಕೆಲಸ ಹ್ಯೂಸ್ಟನ್‌ನ ಕ್ಲಿಯರ್ ಲೇಕ್‌ಗೆ ಶಿಫ್ಟ್ ಆಗಿ ಎರಡು ವರ್ಷವಾಗಿತ್ತು. ಮೊದಲು ಪ್ರತಿ ಶುಕ್ರವಾರ ಅಲ್ಲಿಂದ ಡ್ರೈವ್ ಮಾಡಿಕೊಂಡು ಬರುತ್ತಿದ್ದರು, ಆಮೇಲೆ ಹದಿನೈದು ದಿನಕ್ಕೊಮ್ಮೆ. ಮಗಳು ಓದಲು ಡಲ್ಲಾಸ್‌ಗೆ ಹೋಗಿದ್ದಳು. ಹೊಸ ವರ್ಷದಲ್ಲಿ ಆಸ್ಟಿನ್‌ಗೆ ಟ್ರಾನ್ಸ್‌ಫರ್ ಕೇಳುತ್ತೇನೆ ಎಂದು ಅವರು ಹೇಳಿದ್ದೊಂದೇ ನನ್ನ ಧೈರ್ಯ. ಗಿಡ ಅಂದೇ ನೆಟ್ಟುಬಿಟ್ಟರೆ ಸಂಕ್ರಾಂತಿಗೆ ಬರಲು ಅವರಿಗೆ ಏನು ನೆಪ? ಗಂಡನನ್ನು ಮನೆಗೆ ಕರೆಸಲು ಎರಡು ಕೋಲುಗಳನ್ನು ಗ್ಯಾರೇಜಿನಲ್ಲಿ ಒತ್ತೆ ಇಟ್ಟುಕೊಂಡೆ. ಹೇಳಲು ನಾಚಿಕೆಯೇ.

ಮಗಳಿಗೆ ಫೋನಿನಲ್ಲಿ ಹೇಳಿದರೆ, “ಅಮ್ಮ, ಜಸ್ಟ್ ಪ್ಲಾಂಟ್ ದೆಮ್!” ಎಂದಳು. ನಿನಗೆ ಇದೆಲ್ಲ ಗೊತ್ತಾಗಲ್ಲ ಎಂದು ಗದರಿ ಫೋನ್ ಇಟ್ಟೆ. ಅವಳಿಗೆ ಗೊತ್ತಾಗಿತ್ತೋ ಏನೋ.

ಸಂಕ್ರಾಂತಿ ಬಂದದ್ದು ವಾರದ ನಡುವೆ. ರಜೆ ಹಾಕಿ ಬರುತ್ತೇನೆ ಎಂದಿದ್ದವರು ಬೆಳಿಗ್ಗೆ ಫೋನ್ ಮಾಡಿದರು. “ಇವತ್ತು ರಿವ್ಯೂ ಇದೆ ಕಣೆ, ಬರೋಕಾಗಲ್ಲ. ಗಿಡ ನೀನೇ ನೆಟ್ಬಿಡು.” ಎಳ್ಳುಬೆಲ್ಲ ಬೀರಲು ಅಕ್ಕಪಕ್ಕದಲ್ಲಿ ಯಾರೂ ಇರಲಿಲ್ಲ. ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಅವರ ಹಳೆಯ ಸ್ವೆಟರ್ ತೊಟ್ಟು ಹಿತ್ತಿಲಿಗೆ ಇಳಿದೆ.

ಪ್ಲಾಸ್ಟಿಕ್ ಬಿಚ್ಚಿದೆ. ಹೊಟ್ಟು ಒಣಗಿ ಉದುರುತ್ತಿತ್ತು. ಪ್ಲಮ್‌ನ ಎಳೆಬೇರು ಬೆರಳು ತಾಗಿದರೆ ಮುರಿಯುತ್ತಿತ್ತು. ಎರಡನ್ನೂ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ಹಾರೆ ಹಿಡಿದೆ. ನಮ್ಮಲ್ಲಿ ಒಂದು ಗೇಣು ಮಣ್ಣು, ಅದರ ಕೆಳಗೆಲ್ಲ ಬಿಳಿ ಸುಣ್ಣದ ಕಲ್ಲು. ಉತ್ತರದ ಗಾಳಿಗೆ ಮೂಗು ಸುರಿಯುತ್ತಿತ್ತು. ಅವರನ್ನೂ, ಅವರ ರಿವ್ಯೂವನ್ನೂ, ನನ್ನ ಧನುರ್ಮಾಸವನ್ನೂ ಬಾಯಿಗೆ ಬಂದಂತೆ ಬೈದುಕೊಂಡು ಕುಟ್ಟಿದೆ. ಎರಡನೆಯ ಗುಂಡಿ ಮುಗಿಯುವಷ್ಟರಲ್ಲಿ ಅಳು ಬಂತು. ಅತ್ತುಬಿಟ್ಟೆ. ನೋಡುವವರು ಯಾರಿದ್ದರು?

ಮಾರ್ಚ್‌ವರೆಗೆ ದಿನವೂ ಉಗುರಿನಿಂದ ತೊಗಟೆ ಕೆರೆದು ಹಸಿರಿದೆಯಾ ಎಂದು ನೋಡುತ್ತಿದ್ದೆ. ಪ್ಲಮ್ ಏಳಲೇ ಇಲ್ಲ. ಅದನ್ನು ಕೊಂದವಳು ನಾನೇ. ಪೀಚ್ ಮಾತ್ರ ಒಂದು ಬೆಳಿಗ್ಗೆ ಮೊಗ್ಗಿನಷ್ಟು ಚಿಗುರು ತೋರಿಸಿತು. ಆಫೀಸಿನ ಹೊತ್ತು ಎಂಬುದನ್ನೂ ಮರೆತು ಅವರಿಗೆ ಫೋನ್ ಮಾಡಿದೆ.

“ರೀ, ಪೀಚ್ ಚಿಗುರಿದೆ!”

“ಅಬ್ಬಾ, ಬದುಕ್ತಲ್ಲ!” ಅವರಿಗೆ ನಿಜಕ್ಕೂ ಖುಷಿಯಾಗಿತ್ತು.

“ಹಣ್ಣಿಗೆ ಇನ್ನೂ ಎರಡು ಮೂರು ವರ್ಷ ಬೇಕಂತೆ. ಟ್ರಾನ್ಸ್‌ಫರ್ ಕೇಳಿದ್ರಾ?”

ಅವರು ಪ್ರೀತಿಯಿಂದಲೇ ಹೇಳಿದರು: “ಹಣ್ಣು ಬಿಟ್ಟಾಗ ನನಗೂ ಒಂದೆರಡು ಎತ್ತಿಡು. ಬಂದಾಗ ತಿಂತೀನಿ.”

ಎತ್ತಿಡುವುದು ನೆಂಟರಿಗೆ. ಮನೆಯವರು ಮರದಿಂದ ಕಿತ್ತು ತಿನ್ನುತ್ತಾರೆ. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. “ಆಯ್ತು, ಎತ್ತಿಡ್ತೀನಿ” ಎಂದೆ.