ರಾಚಮ್ಮನ ಬಾಯಿ

ತೆಲುಗು ಸೀಮೆಯ ಕುಷಾಯಿಗೂಡದಲ್ಲಿನ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಹೆಂಡತಿ ರಾಚಮ್ಮನ ಬಾಯಿಗೆ ಬೀಗವೇ ಇರಲಿಲ್ಲ. ಯಾದಗಿರಿ ಕಡೆಯವಳು. ಮುಖ ಬಾಡಿದವರು ಯಾರೇ ಗೇಟು ದಾಟಲಿ, ಪೊರಕೆ ಅಡ್ಡ ಹಿಡಿದು ನಿಲ್ಲಿಸಿ, "ಯಾಕ್ರಿ, ಸಾಯಬೇಕು ಅನ್ನಸಾಕತ್ತೈತೇನು?" ಎಂದು ಕೇಳಿಬಿಡುತ್ತಿದ್ದಳು. ಅವಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನೆನೆದರೆ ಈಗಲೂ ಸ್ವಲ್ಪ ಉರಿಯುತ್ತದೆ.

ಮೂರನೇ ಮಹಡಿಯ ಎಂಬತ್ತರ ಅಜ್ಜಿಯನ್ನು ಕೇಳಿದಳು. ಏಳನೇ ಕ್ಲಾಸಿನ ಹುಡುಗಿಯನ್ನೂ ಬಿಡಲಿಲ್ಲ. ಅವತ್ತು ನಾನೇ ಕೂಗಾಡಿದೆ: "ಕೂಸಿನ ಮುಂದ ಎಂಥಾ ಮಾತ ಅದು! ನಾಚಿಕಿಲ್ಲೇನ? ಇಲ್ಲದ್ದು ಅದರ ತಲ್ಯಾಗ ತುಂಬಾಕತ್ತೀಯಲ್ಲ!"

"ಕೇಳಿದ್ರ ತಲಿಗೆ ಹೋಗಂಗಿಲ್ರಿ ಅಕ್ಕಾರ, ಒಳಗಿದ್ದದ್ದು ಹೊರಗ ಬರ್ತೈತಿ. ಇದಕ್ಕ ವಯಸ್ಸು ಅನ್ನೂದಿಲ್ಲ. ನನ್ನ ತಮ್ಮಗ ನಾವ್ಯಾರೂ ಕೇಳಲಿಲ್ಲ. ಅಪಶಕುನ ಅಂತ ಬಾಯಿ ಮುಚಗೊಂಡು ಕುಂತ್ವಿ," ಎಂದವಳೇ ಕಸ ಗುಡಿಸತೊಡಗಿದಳು.

ಅದೇ ವಾರ, ಗಂಡಹೆಂಡಿರಿಬ್ಬರನ್ನೂ ಕೆಲಸದಿಂದ ಬಿಡಿಸಬೇಕೆಂದು ಸೊಸೈಟಿಗೆ ಅರ್ಜಿ ಬರೆದೆ. ಮೊದಲ ಸಹಿ ನನ್ನದೇ.

ಸಂಕ್ರಾಂತಿ ಬಂತು. ಅವತ್ತು ಕುಸುರೆಳ್ಳು ಹಂಚಿ ಒಳ್ಳೆಯ ಮಾತನ್ನೇ ಆಡಬೇಕು; ಆಗದವರನ್ನು ಕಂಡರೂ ನಗಬೇಕು. ಸುತ್ತಲಿನ ಕನ್ನಡದ ಮನೆಯವರೆಲ್ಲ ನಮ್ಮ ಮನೆಯಲ್ಲಿ ಸೇರಿದ್ದರು. ಅವ್ವ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದ ಅಪ್ಪನ ಮಾತು ಕಡಿಮೆಯಾಗಿತ್ತು, ಕೊಡುಗೈ ಮಾತ್ರ ದೊಡ್ಡದಾಗಿತ್ತು. ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯಿಂದ ರಿಟೈರಾದವನು ತನ್ನ ಗಡಿಯಾರ, ಟೆಸ್ಟರು, ಕೈಯಾರೆ ಜೋಡಿಸಿದ ರೇಡಿಯೊ ಎಲ್ಲ ಒಂದೊಂದಾಗಿ ಹಂಚುತ್ತಿದ್ದ. ಕರ್ಣನ ಮನಸ್ಸು ಎಂದು ನಾವು ಹೊಗಳುತ್ತಿದ್ದೆವು.

ಒಳಗೆ ಬಂದ ರಾಚಮ್ಮ ಎಳ್ಳಿಗೆ ಕೈ ಚಾಚಲಿಲ್ಲ. ಅಪ್ಪ ಅವಳ ಗಂಡನಿಗೆ ಕೊಟ್ಟಿದ್ದ ರೇಡಿಯೊವನ್ನು ಟೀಪಾಯಿಯ ಮೇಲೆ ಕುಕ್ಕಿದಳು. "ಇದನ್ನ ಯಾರಿಗೂ ಮುಟ್ಟಾಕ ಕೊಡತಿದ್ದಿಲ್ಲ ನೀವು. ಈಗ್ಯಾಕ ಕೊಟ್ರಿ? ಸಾಯಬೇಕಂತ ಮಾಡೀರೇನ್ರಿ?"

ಹಬ್ಬದ ದಿನ! ಅಷ್ಟು ಜನರ ಮುಂದೆ! ಅವಳ ರಟ್ಟೆ ಹಿಡಿದು ಬಾಗಿಲತ್ತ ದಬ್ಬಿದೆ.

"ಬಿಡವಾ ಆಕೀನ," ಎಂದ ಅಪ್ಪ. "ಹೌದು. ಹಂಗ ಮಾಡೀನಿ."

ಹಿಡಿದ ರಟ್ಟೆ ಬಿಟ್ಟೆ. ಆ ಮಧ್ಯಾಹ್ನವೇ ಅಪ್ಪನನ್ನು ಮನೋವೈದ್ಯರ ಹತ್ತಿರ ಕರೆದೊಯ್ದೆ. ಗುಳಿಗೆ ಶುರುವಾದವು, ವಾರಕ್ಕೊಮ್ಮೆ ಡಾಕ್ಟರ ಜೊತೆ ಮಾತುಕತೆ. ಆ ಗಡಿಬಿಡಿಯಲ್ಲಿ ಅರ್ಜಿ ವಾಪಸ್ಸು ಪಡೆಯುವುದು ಮರೆತೇಹೋಯಿತು. ಸೊಸೈಟಿಯವರು ಮರೆಯಲಿಲ್ಲ.

ತಿಂಗಳ ಕೊನೆಗೆ ಗಂಡಹೆಂಡಿರು ಕಾಚಿಗೂಡ ಸ್ಟೇಷನ್ನಿಗೆ ಹೋಗಿ ಊರಿನ ರೈಲು ಹಿಡಿಯಲೆಂದು ಗಂಟುಮೂಟೆಯನ್ನು ಆಟೋಕ್ಕೆ ಏರಿಸುತ್ತಿದ್ದರು. ಓಡಿಹೋಗಿ ಕೈಮುಗಿದೆ. "ತಪ್ಪಾತು ರಾಚಮ್ಮ. ಹೋಗಬ್ಯಾಡ, ನಾ ಅವರಿಗೆ ಹೇಳ್ತೀನಿ."

ಅವಳು ನುಂಗುವಂತೆ ನೋಡಿದಳು. "ನಿಮ್ಮ ತಪ್ಪು ನೀವ ಇಟ್ಕೋರಿ. ಅಪ್ಪಾರಿಗೆ ಇವತ್ತು ಕೇಳೀರೇನು?"

ಕೇಳಿರಲಿಲ್ಲ. ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡುತ್ತಿದ್ದೆ, ಅಷ್ಟೇ. ಆ ಮಾತು ನನ್ನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ.

"ಮತ್ತ ಇಲ್ಲೇನ ಮಾಡಾಕತ್ತೀರಿ? ನಡೀರಿ ಮ್ಯಾಲ!"

ಆಟೋ ಹೊರಟುಹೋಯಿತು. ಮೆಟ್ಟಿಲು ಹತ್ತಿ ಅಪ್ಪನ ಮುಂದೆ ನಿಂತೆ. ರಾಚಮ್ಮ ಕೇಳುತ್ತಿದ್ದ ಮಾತಿನಲ್ಲೇ ಕೇಳಿದೆ.

"ನಿನ್ನೆ ಭಾಳ ಅನ್ನಿಸಿತ್ತವಾ," ಎಂದ ಅಪ್ಪ. "ನೀ ಬಂದು ಕೇಳ್ತೀ ಅಂತ ಬಾಗಲಾ ತಗದಿಟ್ಟು ಕುಂತಿದ್ದೆ."