ಮಾವನ ಪೆಟ್ಟಿಗೆಯ ಮೇಲಿನ ಕೋಣೆ

ಮನೆಗೆ ಬಣ್ಣ ಹೊಡೆಸಬೇಕೆಂದು ಹೋದ ವಾರ ಅಟ್ಟ ಖಾಲಿ ಮಾಡಿಸುವಾಗ ಹಳೇ ಸೀರೆಯಲ್ಲಿ ಸುತ್ತಿದ್ದ ಮರದ ಪೆಟ್ಟಿಗೆಯೊಂದು ಕೆಳಗಿಳಿಯಿತು. ಗಂಟು ಬಿಚ್ಚಿದ್ದೇ ತಡ, ವಾಸನೆ ಮೂಗಿಗೆ ಹೊಡೆಯಿತು. ಜೇನುಮೇಣ, ತೆಂಗಿನ ನಾರಿನ ಹೊಗೆ, ಅದರಡಿಯಲ್ಲಿ ಎಲ್ಲೋ ಸಣ್ಣಗೆ ಬೆಲ್ಲ. ಬೆಲ್ಲದ ವಾಸನೆ ಇಷ್ಟು ವರ್ಷ ಉಳಿದಿರಲು ಸಾಧ್ಯವಿಲ್ಲ, ಗೊತ್ತು. ಆದರೂ ನನಗೆ ಬಂತು, ನಾನೇನು ಮಾಡಲಿ. ಬಣ್ಣದವನು "ಇದನ್ನ ಗುಜರಿಗೆ ಹಾಕ್ಬುಡ್ಲಾ ಅಕ್ಕಾ?" ಎಂದು ಕೇಳಿದ್ದಕ್ಕೆ ಅವನ ಮೇಲೆ ರೇಗಿಬಿಟ್ಟೆ. ಪಾಪ, ಅವನಿಗೇನು ಗೊತ್ತು. ಆಮೇಲೆ ಕಾಫಿ ಮಾಡಿಕೊಟ್ಟು ಸಮಾಧಾನ ಮಾಡಿದೆ. ತಳವೂ ಇಲ್ಲದ, ಮುಚ್ಚಳವೂ ಇಲ್ಲದ ಆ ಪೆಟ್ಟಿಗೆ ನನ್ನ ಸೋದರಮಾವ ಶಿವಣ್ಣನದು. ಹುಳಗಳು ಜೇನು ತುಂಬಲೆಂದು ಜೇನುಪೆಟ್ಟಿಗೆಯ ಮೇಲೆ ಕೂರಿಸುವ ಈ ಕೋಣೆಯನ್ನು ಅವನು ಸೂಪರ್ ಎನ್ನುತ್ತಿದ್ದ.

ಕುಂಬಾರಕೊಪ್ಪಲಿನ ಅಜ್ಜಿಯ ಮನೆ ಈಗಿಲ್ಲ. ಅಲ್ಲಿ ಮೂರು ಮಹಡಿ ಎದ್ದಿದೆ, ಹಿತ್ತಲಿನ ಸೀಬೆಮರ ಇದ್ದ ಜಾಗದಲ್ಲಿ ಯಾರದೋ ಬಿಳಿ ಕಾರು ನಿಲ್ಲುತ್ತದೆ. ಅಮ್ಮ ಕೆಲಸಕ್ಕೆ ಹೋಗುತ್ತಿದ್ದರಿಂದ ನಾನು ಬೆಳೆದದ್ದೆಲ್ಲ ಅಲ್ಲೇ, ಅಜ್ಜಿ ಮತ್ತು ಮಾವನ ನಡುವೆ. ಮಾವ ದುಡಿಯುತ್ತಿದ್ದ ನೂಲಿನ ಕಾರ್ಖಾನೆ ಒಂದು ದಿನ ಬಾಗಿಲು ಹಾಕಿತ್ತು. ಅಂದಿನಿಂದ ಅವನು ಜಗುಲಿಯ ಮೇಲೆ ಕುಳಿತವನು ಕುಳಿತೇ ಇದ್ದ. ಗಡ್ಡ ಕೆರೆದುಕೊಳ್ಳುತ್ತಿರಲಿಲ್ಲ, ಯಾರಾದರೂ ಮಾತಾಡಿಸಿದರೆ ಗೋಡೆ ನೋಡುತ್ತಿದ್ದ. ಅವನನ್ನು ಅಲ್ಲಿಂದ ಎಬ್ಬಿಸಿದ್ದು ಜೇನು. ಎಲ್ಲೋ ತರಬೇತಿ ಪಡೆದು ನಾಲ್ಕು ಪೆಟ್ಟಿಗೆ ತಂದ. ಮರುವರ್ಷ ರೋಗ ಬಂದು ಮರಿಗಳೆಲ್ಲ ಕೊಳೆತು ಮೂರು ಪೆಟ್ಟಿಗೆ ಖಾಲಿಯಾದವು. ಉಳಿದದ್ದು ಒಂದೇ ಒಂದು. ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅವನು ಅಜ್ಜಿಗೆ ಹೇಳಿದ ಮಾತು ನನ್ನ ಕಿವಿಯಲ್ಲಿದೆ. "ಇದೊಂದು ಕೈ ಹಿಡುದ್ರೆ ಸಾಕು ಕಣವ್ವ. ಇಲ್ದಿದ್ರೆ ಇನ್ಯಾವುದ್ಕೂ ಕೈ ಹಾಕಲ್ಲ ನಾನು." ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು. ಅವತ್ತಿನಿಂದ ನಮ್ಮ ಮೂವರ ಜೀವವೂ ಆ ಪೆಟ್ಟಿಗೆಯಲ್ಲೇ ಇತ್ತು.

ಪಕ್ಕದ ಬೀದಿಯಲ್ಲಿ ಮಡಕೆ ಮಾಡುವವರಿಂದ ತಂದ ನಾಲ್ಕು ಮಣ್ಣಿನ ಬಟ್ಟಲುಗಳಲ್ಲಿ ಪೆಟ್ಟಿಗೆಯ ಸ್ಟ್ಯಾಂಡಿನ ನಾಲ್ಕು ಕಾಲು ನಿಂತಿರುತ್ತಿದ್ದವು. ಇರುವೆ ಹತ್ತಿದರೆ ಹುಳ ಗೂಡು ಬಿಟ್ಟೇ ಹೋಗುತ್ತವೆಂದು ಬಟ್ಟಲಿಗೆ ದಿನಾ ಬೆಳಿಗ್ಗೆ ನೀರು ಹಾಕುವ ಕೆಲಸ ನನ್ನದು. ನಾನಾಗ ಒಂಬತ್ತು ವರ್ಷದವಳು. ಮಾವ ಮುಚ್ಚಳ ತೆಗೆದು ನಾರಿನ ಹೊಗೆ ಹಾಯಿಸಿ ಮರದ ಚೌಕಟ್ಟಿನಲ್ಲಿ ಕಟ್ಟಿದ ಮೇಣದ ಎರಿಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತಿದ್ದ. ಕೆಳಗಿನದು ಸಂಸಾರದ ಕೋಣೆ, ಅಲ್ಲಿ ರಾಣಿ, ಮೊಟ್ಟೆ, ಮರಿ. ಎಂಟೂ ಎರಿಯ ಎರಡೂ ಮಗ್ಗುಲಲ್ಲಿ ಹುಳ ಕಿಕ್ಕಿರಿಯಬೇಕು, ಚೌಕಟ್ಟಿನ ನೆತ್ತಿಯ ಮೇಲೆ ಹೊಸ ಬಿಳಿ ಮೇಣ ಕಾಣಬೇಕು, ಊರಲ್ಲಿ ಹೊಂಗೆ ಹೂ ಬಿಡಬೇಕು. ಈ ಮೂರೂ ಕೂಡಿದ ದಿನ ಸೂಪರ್ ಇಡಬೇಕು. "ಬೇಗ ಇಟ್ರೆ ಜಾಗ ದೊಡ್ಡದಾಗಿ ಮರಿಗೆ ಬಿಸಿ ಸಾಲಲ್ಲ, ಗೂಡೇ ಬುಟ್ಟು ಹೋಯ್ತವೆ. ತಡ ಮಾಡಿದ್ರೆ ಜಾಗ ಸಾಲ್ದೆ ಹೊಸ ರಾಣಿ ಎಬ್ಬಿಸ್ಕೊಂಡು ಅರ್ಧ ಹುಳ ಹೊಂಟೋಯ್ತವೆ. ದಿನ ನೋಡಿ ಇಡಬೇಕು ಪುಟ್ಟಿ." ಆ ದಿನಕ್ಕಾಗಿ ಅವನು ಕಾದದ್ದೇ ಕಾದದ್ದು. ಬೆಳಿಗ್ಗೆ ಸೈಕಲ್ ಹತ್ತಿ ಯಾದವಗಿರಿಯ ಬಂಗಲೆಗಳ ಮುಂದಿನ ಹೊಂಗೆಮರಗಳ ಕೆಳಗೆ ನಿಂತು ಮೊಗ್ಗು ನೋಡಿಕೊಂಡು ಬರುತ್ತಿದ್ದ. ಬಂದವನೇ ಪೆಟ್ಟಿಗೆಗೆ ಕಿವಿ ಕೊಡುತ್ತಿದ್ದ. ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ಮಾವ ಗಡ್ಡ ಕೆರೆದುಕೊಂಡು ಹಿತ್ತಲಿಗೆ ಬಂದ. ಅಜ್ಜಿ ನೋಡಿ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಸೂಪರಿನ ಚೌಕಟ್ಟುಗಳಿಗೆ ಹಳೇ ಎರಿಯ ಪಟ್ಟಿ ಅಂಟಿಸಿ, ದೇವರ ಪಟ ಇಡುವಷ್ಟು ಜೋಪಾನವಾಗಿ ಸಂಸಾರದ ಕೋಣೆಯ ಮೇಲೆ ಕೂರಿಸಿ ಮುಚ್ಚಳ ಹಾಕಿದ. "ಇನ್ನು ಮೂರು ದಿನ ಯಾರೂ ಅತ್ತಾಗೆ ಹೋಗ್ಬಾರ್ದು" ಎಂದು ತಾನೂ ದೂರ, ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತ. ಎಷ್ಟೋ ತಿಂಗಳ ಮೇಲೆ ಅವನು ನಕ್ಕಿದ್ದನ್ನು ಅವತ್ತು ನೋಡಿದೆ.

ಈಗ ನನ್ನ ಘನಂದಾರಿ ಕೆಲಸ ಕೇಳಿ. ನಮ್ಮ ಅಜ್ಜಿ ಯಾರ ಪಾತ್ರೆಯನ್ನೂ ಖಾಲಿ ವಾಪಸು ಕೊಟ್ಟವಳಲ್ಲ. ಪಕ್ಕದ ಮನೆಯಿಂದ ಸಾರಿನ ಬಟ್ಟಲು ಬಂದರೆ ತೊಳೆದು ಒಂದು ಚೂರು ಬೆಲ್ಲವನ್ನಾದರೂ ಹಾಕಿ ನನ್ನ ಕೈಲಿ ಕಳಿಸುತ್ತಿದ್ದಳು. "ಖಾಲಿ ಕೊಟ್ರೆ ಆ ಮನೆಗೆ ಒಳ್ಳೇದಾಗಲ್ಲ ಕಣೇ." ಮಾವ ಅಷ್ಟು ದೊಡ್ಡ ಸಂಸಾರದ ತಲೆಯ ಮೇಲೆ ಖಾಲಿ ಪೆಟ್ಟಿಗೆ ಇಟ್ಟದ್ದನ್ನು ನೋಡಿ ಇವಕ್ಕೂ ಒಳ್ಳೇದಾಗಲ್ಲವೇನೋ ಎಂದು ನನಗೆ ಭಯವಾಗಿತ್ತು. ಸಂಜೆ ಅವನು ಸೈಕಲ್ಲಿನಲ್ಲಿ ಚಾಮರಾಜಪುರಂಗೆ ಹೋದ ಹೊತ್ತು ನೋಡಿ ಅಡುಗೆಮನೆಯಿಂದ ಒಂದು ಅಚ್ಚು ಬೆಲ್ಲ ಕದ್ದೆ. ವೀಳ್ಯದೆಲೆಯಲ್ಲಿ ಸುತ್ತಿದೆ. ಪೆಟ್ಟಿಗೆಯ ಹಿಂದೆ ಸ್ಟೂಲು ಹಾಕಿ ಹತ್ತಿ, ಮುಚ್ಚಳವನ್ನು ಒಂದಿಷ್ಟೇ ಎತ್ತಿ, ಚೌಕಟ್ಟುಗಳ ಮೇಲೆ ಇಟ್ಟು, ಕೈಮುಗಿದು ಇಳಿದೆ. ಒಂದು ಹುಳವೂ ಕಚ್ಚಲಿಲ್ಲ. ಸ್ಟೂಲನ್ನು ಮಾತ್ರ ಅಲ್ಲೇ ಬಿಟ್ಟೆ, ಪೆಟ್ಟಿಗೆಗೆ ತಾಗಿದ ಹಾಗೇ.

ಮರುದಿನ ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆವು. ಹಿತ್ತಲಿನಲ್ಲಿ ಭೋರೆಂದು ಸದ್ದಾಯಿತು. ಮಾವ ಎಂಜಲು ಕೈಯಲ್ಲೇ ಎದ್ದು ಓಡಿದ. ಪೆಟ್ಟಿಗೆಯ ಬಾಯಿಂದ ಹುಳ ಉಕ್ಕಿ ಉಕ್ಕಿ ಬಂದು ಸೀಬೆಮರದ ಮೇಲೆ ಮೋಡ ಕಟ್ಟಿ ಸುತ್ತುತ್ತಿದ್ದವು. "ಅಯ್ಯೋ, ಹೋಗ್ಬೇಡ್ರವ್ವಾ, ಹೋಗ್ಬೇಡಿ" ಎಂದು ಅವನು ನೀರು ಎರಚಿದ, ಮಣ್ಣು ತೂರಿದ. ಅವು ಮಾಡು ದಾಟಿ ಹೋದವು. ಅವನು ಬರಿಗಾಲಿನಲ್ಲಿ, ಹುಳ ಎಲ್ಲಾದರೂ ಕೂತರೆ ತುಂಬಿಕೊಳ್ಳಲೆಂದು ಮೊರ ಹಿಡಿದು, ಆಕಾಶ ನೋಡುತ್ತ ಬೀದಿಗೆ ಓಡಿದ. ಜನ ನಗುತ್ತ ದಾರಿ ಬಿಟ್ಟರು.

ಅವನು ಅತ್ತ ಹೋದ ಮೇಲೆ ಅಜ್ಜಿ ಪೆಟ್ಟಿಗೆಯ ಹಿಂದೆ ಹೋಗಿ ನಿಂತಳು. ಸ್ಟೂಲಿನ ಕಾಲಿನ ಮೇಲಿಂದ ಕೆಂಪಿರುವೆಯ ಸಾಲು ನೀರಿನ ಬಟ್ಟಲುಗಳ ಗೊಡವೆಯೇ ಇಲ್ಲದೆ ಸೀದಾ ಮುಚ್ಚಳದೊಳಗೆ ಹರಿಯುತ್ತಿತ್ತು. ಮುಚ್ಚಳ ತೆಗೆದಳು. ವೀಳ್ಯದೆಲೆ ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ, ಹೊಡೆಯಲಿಲ್ಲ. ಎಲೆ, ಬೆಲ್ಲ ತೆಗೆದು ಒಲೆಗೆ ಹಾಕಿದಳು, ಒದ್ದೆ ಬಟ್ಟೆಯಲ್ಲಿ ಇರುವೆ ಒರೆಸಿದಳು, ಸ್ಟೂಲು ಒಳಗಿಟ್ಟಳು. "ನಾನೇ ಅಲ್ವೇನೇ ಕಲಿಸಿದ್ದು" ಎಂದಳು. ಆಮೇಲೆ ನನ್ನ ಗದ್ದ ಹಿಡಿದು, "ಯಾವತ್ತೂ ಬಾಯಿ ಬುಡಬೇಡ. ನಿನ್ ಮೇಲೆ ಪ್ರಾಣ ಇಟ್ಕೊಂಡವ್ನೆ. ಅದೂ ಹೋದ್ರೆ ಅವನಿಗೇನುಳೀತದೆ?" ಎಂದಳು. ನಾನು ತಲೆಯಾಡಿಸಿದೆ.

ಮಾವ ದೀಪ ಹಚ್ಚುವ ಹೊತ್ತಿಗೆ ಕಾಲೆಲ್ಲ ರಕ್ತ ಮಾಡಿಕೊಂಡು ಬಂದ. ಹುಳಗಳು ಯಾದವಗಿರಿಯಲ್ಲಿ ಒಂದು ಬಂಗಲೆಯ ಕಾಂಪೌಂಡಿನಾಚೆ ಕಣ್ಮರೆಯಾಗಿದ್ದವು, ಕಾವಲಿನವನು ಗೇಟು ತೆಗೆಯಲಿಲ್ಲವಂತೆ. ಖಾಲಿ ಪೆಟ್ಟಿಗೆಯನ್ನು ಅವನು ಕಣ್ಣೆತ್ತಿಯೂ ನೋಡಲಿಲ್ಲ. "ಆತ್ರ ಬಿದ್ಬುಟ್ಟೆ ಕಣವ್ವ. ಮೇಲೆ ಜಾಗ ದೊಡ್ಡದಾಯ್ತು, ತಡ್ಕೊಳ್ಳಲಿಲ್ಲ ಅವು. ಇನ್ನೊಂದ್ ವಾರ ನೋಡ್ಬೇಕಿತ್ತು." ಅಜ್ಜಿ ನೆಲ ನೋಡಿದಳು. ನಾನು ಅಜ್ಜಿಯನ್ನು ನೋಡಿದೆ. ಆ ಕ್ಷಣದಲ್ಲಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಥೂ, ನನ್ನ ಬಾಯಿಗಿಷ್ಟು.

ಅಲ್ಲಿಂದ ಮುಂದೆ ಅವನ ಬದುಕೆಲ್ಲ ಇನ್ನೊಂದು ವಾರ ನೋಡುವುದೇ ಆಯಿತು. ಹೆಣ್ಣು ಕೊಡುತ್ತೇವೆಂದು ಬಂದವರಿಗೆ ಇನ್ನೊಂದು ವಾರ ಎಂದ, ಅವರು ಬೇರೆ ಕಡೆ ನೋಡಿಕೊಂಡರು. ಗೆಳೆಯನೊಬ್ಬ ಅಂಗಡಿ ಇಡೋಣ ಬಾ ಎಂದರೆ ಅವನಿಗೂ ಅದೇ ಉತ್ತರ. "ನಂಗೆ ಟೈಮ್ ನೋಡೋಕೆ ಬರಲ್ಲ ಕಣಮ್ಮ, ಜೇನಲ್ಲೇ ಗೊತ್ತಾಯ್ತಲ್ಲ" ಎಂದು ನನ್ನ ಮುಂದೆಯೇ ನಗುತ್ತಿದ್ದ. ಅಜ್ಜಿ ಅವನಿಗೆ ನಿಜ ಹೇಳದೆಯೇ ತೀರಿಕೊಂಡಳು. ಮೂರು ವರ್ಷದ ಕೆಳಗೆ ಅವನಿಗೆ ಹೊಟ್ಟೆನೋವು ಶುರುವಾಯಿತು. ನಡಿ ಮಾವ, ತೋರಿಸೋಣ ಎಂದು ನಾನು ಕೈಹಿಡಿದು ಎಳೆದೆ. "ಇನ್ನೊಂದ್ ವಾರ ನೋಡೋಣ ಬುಡು ಪುಟ್ಟಿ" ಎಂದ. ಹಾಗೇ ಎಷ್ಟೋ ವಾರ ನೋಡಿದ. ಕಡೆಗೆ ಕರೆದುಕೊಂಡು ಹೋದಾಗ ಡಾಕ್ಟರು ನನ್ನನ್ನು ಹೊರಗೆ ಕರೆದು, ಮೊದಲೇ ಬರಬೇಕಿತ್ತು ಎಂದರು. ಆಸ್ಪತ್ರೆಯ ಮಂಚದ ಮೇಲೆ ಅವನು ಕೇಳಿದ್ದು ಒಂದೇ. "ಹೊಂಗೆ ಬಿಟ್ಟಿದ್ಯಾ?" ಹೇಳಿಬಿಡಬೇಕೆಂದು ಬಾಯಿ ತೆರೆದೆ. ಬಂದ ಮಾತು "ಬಿಟ್ಟಿದೆ ಮಾವ" ಎಂದಷ್ಟೇ. ಎರಡು ದಿನದಲ್ಲಿ ಹೋದ.

ನಿಮ್ಮ ಎದೆಯಲ್ಲೂ ಸತ್ತವರಿಗೆ ಹೇಳದ ಮಾತು ಒಂದಾದರೂ ಇದ್ದೀತು, ಆ ಧೈರ್ಯದ ಮೇಲೆ ಇದನ್ನು ಬರೆದೆ. ಬಣ್ಣದವನು ಹೋದ ಮೇಲೆ ಸೂಪರನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಹೊರಗೆ ರಸ್ತೆಯ ಮೇಲೆ ಹೊಂಗೆಹೂವು ಉದುರಿತ್ತು. ಅವತ್ತು ಎಂಟೂ ಎರಿಯಲ್ಲಿ ಹುಳ ತುಂಬಿದ್ದವು, ಬಿಳಿ ಮೇಣ ಬಂದಿತ್ತು, ಊರಿಗೆ ಊರೇ ಹೊಂಗೆ ಬಿಟ್ಟಿತ್ತು. ನೀನು ಇಟ್ಟ ದಿನ ಸರಿಯಾಗಿತ್ತು ಮಾವ.